ಎಪ್ಪತ್ತಮೂರರಲ್ಲಿ ಲೈಸೆನ್ಸ್ ನವೀಕರಿಸಬೇಕೇ, ಕಾರು ಬಿಡಬೇಕೇ?

ಕುವೆಂಪುನಗರದ ಮೇಷ್ಟ್ರು (ಮೈಸೂರು) ಕೇಳಿದ ಪ್ರಶ್ನೆ:

ನನಗೀಗ ಎಪ್ಪತ್ತಮೂರು ವರ್ಷ. ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ಮನೆಯಲ್ಲಿ ನಾನು, ನನ್ನ ಹೆಂಡತಿ ಇಬ್ಬರೇ, ಮಗಳು ಬೆಂಗಳೂರಿನಲ್ಲಿದ್ದಾಳೆ. ಹಿಂದಿನ ಸಲ ಐದು ವರ್ಷಕ್ಕೆ ನವೀಕರಿಸಿಕೊಂಡಿದ್ದ ನನ್ನ ಡ್ರೈವಿಂಗ್ ಲೈಸೆನ್ಸಿನ ಅವಧಿ ಬರುವ ಡಿಸೆಂಬರಿಗೆ ಮುಗಿಯುತ್ತದೆ. ಅದನ್ನು ಮತ್ತೆ ನವೀಕರಿಸಬೇಕೇ, ಅಥವಾ ಇದೇ ನೆಪದಲ್ಲಿ ಕಾರು ಓಡಿಸುವುದನ್ನೇ ನಿಲ್ಲಿಸಬೇಕೇ ಎಂಬುದು ನನ್ನ ಮುಂದಿರುವ ಪ್ರಶ್ನೆ.

ಇದುವರೆಗೆ ನನ್ನಿಂದ ಯಾರಿಗೂ ಪೆಟ್ಟಾಗಿಲ್ಲ, ಕಾರಿಗೂ ಹೇಳಿಕೊಳ್ಳುವಂಥ ಏಟು ಬಿದ್ದಿಲ್ಲ. ತೀರ್ಮಾನ ಕಷ್ಟವಾಗಿರುವುದು ಆ ಕಾರಣದಿಂದಲೇ. ಆದರೆ ಒಂದೆರಡು ವರ್ಷಗಳಿಂದ ನನ್ನ ಅಭ್ಯಾಸಗಳು ನನಗೆ ತಿಳಿಯದಂತೆಯೇ ಬದಲಾಗುತ್ತಾ ಬಂದಿವೆ. ಎದುರಿನಿಂದ ಬರುವ ಗಾಡಿಗಳ ಹೆಡ್‌ಲೈಟು ಕಣ್ಣಿಗೆ ಕುಕ್ಕಿ ಕೆಲವು ಕ್ಷಣ ರಸ್ತೆಯ ಅಂಚೇ ಕಾಣಿಸುವುದಿಲ್ಲವಾದ್ದರಿಂದ ಕತ್ತಲಾದ ಮೇಲೆ ಕಾರು ತೆಗೆಯುವುದನ್ನು ಆದಷ್ಟು ತಪ್ಪಿಸುತ್ತೇನೆ. ಬೆಂಗಳೂರಿಗೆ ರೈಲಿನಲ್ಲೇ ಹೋಗುತ್ತೇವೆ. 2023ರಲ್ಲಿ ಹೊಸ ಹೆದ್ದಾರಿ ಆದ ಮೇಲೆ, ಬೈಕು ಆಟೋಗಳನ್ನು ಅಲ್ಲಿ ನಿಷೇಧಿಸಿದ ನಂತರವೂ, ಗಂಟೆಗೆ ನೂರು ಕಿಲೋಮೀಟರಿನಲ್ಲಿ ಹೋಗುವವರ ನಡುವೆ ನನ್ನ ಕಾರನ್ನು ಸೇರಿಸುವ ಧೈರ್ಯ ಬಂದಿಲ್ಲ. ಮೈಸೂರಿನವರಿಗೆ ಗೊತ್ತಿರುವಂತೆ ನಮ್ಮ ಊರಿನಲ್ಲಿ ಸರ್ಕಲ್ಲುಗಳಿಗೆ ಕೊರತೆಯಿಲ್ಲ. ಕತ್ತಿನ ಸವೆತದಿಂದಾಗಿ ಬಲಕ್ಕೆ ಪೂರ್ತಿ ತಿರುಗಿ ನೋಡುವುದು ಈಗ ಕಷ್ಟವಾಗಿದೆ. ಸರ್ಕಲ್ ಬಂದಾಗಲೆಲ್ಲ ಭುಜವನ್ನೂ ಸೇರಿಸಿ ಇಡೀ ಮೈ ತಿರುಗಿಸಬೇಕಾಗುತ್ತದೆ.

ಮಗಳು "ಅಪ್ಪಾ, ಇನ್ನು ಸಾಕು" ಎನ್ನುತ್ತಾಳೆ. ಅವಳ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ನನ್ನ ಹೆಂಡತಿಗೆ ಮಂಡಿನೋವು, ಬಸ್ಸಿನ ಮೆಟ್ಟಿಲು ಹತ್ತುವುದು ಸುಲಭವಲ್ಲ. ಅವಳ ಅಕ್ಕ ನಂಜನಗೂಡಿನಲ್ಲಿದ್ದಾರೆ, ಅಲ್ಲಿಗೆ ಆಗಾಗ ಹೋಗಬೇಕು. ರಾತ್ರಿ ಹೊತ್ತಿನಲ್ಲಿ ಆಸ್ಪತ್ರೆಗೆ ಹೋಗಬೇಕಾದರೆ ಏನು ಮಾಡುವುದು ಎಂಬ ಅಳುಕೂ ಇದೆ. ವಯಸ್ಸಾದ ಮೇಲೆ ಓಡಿಸಬಾರದು ಎಂಬ ಸಾಮಾನ್ಯ ಉಪದೇಶವನ್ನು ದಯವಿಟ್ಟು ಬದಿಗಿಟ್ಟು, ಈ ತೀರ್ಮಾನವನ್ನು ಯಾವ ಅಳತೆಗೋಲಿನಿಂದ ಮಾಡಬೇಕು ಎಂಬುದನ್ನು ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ.

ನಿವೃತ್ತ ಮೋಟಾರು ವಾಹನ ನಿರೀಕ್ಷಕ:

ಮೇಷ್ಟ್ರೇ, ಕಾನೂನು ಏನು ಹೇಳುತ್ತದೆ ಎಂಬುದನ್ನು ಮೊದಲು ತಿಳಿಸುತ್ತೇನೆ. ಅದು ನಿಮ್ಮ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ ಎಂಬುದು ಆಗ ನಿಮಗೇ ಗೊತ್ತಾಗುತ್ತದೆ.

ನಮ್ಮ ದೇಶದಲ್ಲಿ ಸ್ವಂತ ಕಾರು ಓಡಿಸಲು ಗರಿಷ್ಠ ವಯಸ್ಸಿನ ಮಿತಿ ಎಂಬುದಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ ಐವತ್ತೈದು ದಾಟಿದವರಿಗೆ ಲೈಸೆನ್ಸನ್ನು ಐದೈದು ವರ್ಷಕ್ಕೆ ಕೊಡುತ್ತಾರೆ. ಅರ್ಜಿಯನ್ನು ಅವಧಿ ಮುಗಿಯುವುದಕ್ಕೆ ಒಂದು ವರ್ಷ ಮೊದಲಿನಿಂದ ಹಿಡಿದು ಮುಗಿದ ನಂತರದ ಒಂದು ವರ್ಷದೊಳಗೆ ಸಲ್ಲಿಸಬಹುದು. ಆ ಗಡುವೂ ದಾಟಿದರೆ ಹೊಸಬರಂತೆ ಚಾಲನಾ ಪರೀಕ್ಷೆಗೆ ನಿಲ್ಲಬೇಕು. ಹಿಂದೆ ಅವಧಿ ಮುಗಿದ ಮೇಲೂ ಮೂವತ್ತು ದಿನ ಲೈಸೆನ್ಸ್ ಊರ್ಜಿತದಲ್ಲಿರುತ್ತಿತ್ತು. ಆ ವಿನಾಯಿತಿ ಈಗಿಲ್ಲ. ಅವಧಿ ಮುಗಿದ ಮರುದಿನ ಗಾಡಿ ತೆಗೆದು ಏನಾದರೂ ಆದರೆ ವಿಮಾ ಕಂಪನಿಯವರು ಮೊದಲು ಕೇಳುವುದೇ ಲೈಸೆನ್ಸಿನ ತಾರೀಖನ್ನು. ನೊಂದವರಿಗೆ ಪರಿಹಾರ ಕೊಟ್ಟು ಆ ಹಣವನ್ನು ನಿಮ್ಮಿಂದ ವಸೂಲು ಮಾಡಲು ಅವರಿಗೆ ಅವಕಾಶವಾಗುತ್ತದೆ.

ನಲವತ್ತು ದಾಟಿದವರು ಅರ್ಜಿಯೊಂದಿಗೆ ನಮೂನೆ 1ಎ, ಅಂದರೆ ವೈದ್ಯರ ಪ್ರಮಾಣಪತ್ರವನ್ನು ಕೊಡಬೇಕು. ಅದರಲ್ಲಿ ಕೇಳುವುದೇನೆಂದರೆ ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಕಾಣುತ್ತದೆಯೇ, ಕೆಂಪು ಹಸಿರು ಗುರುತು ಹಿಡಿಯಬಲ್ಲರೇ, ಇರುಳುಗಣ್ಣು, ಕಿವುಡು, ಮೂರ್ಛೆ ಇವೆಯೇ, ಇಂಥವನ್ನು. ಇಷ್ಟಾದರೆ ನವೀಕರಣಕ್ಕೆ ಚಾಲನಾ ಪರೀಕ್ಷೆ ಇರುವುದಿಲ್ಲ. ನನ್ನ ಸೇವಾವಧಿಯಲ್ಲಿ ಅರ್ಜಿದಾರರನ್ನು ಕಣ್ಣೆತ್ತಿಯೂ ನೋಡದೆ ಸಹಿ ಹಾಕಿದಂತಿದ್ದ ಪ್ರಮಾಣಪತ್ರಗಳನ್ನು ಬೇಕಾದಷ್ಟು ಕಂಡಿದ್ದೇನೆ. ರೋಗ ಅಥವಾ ಅಂಗವೈಕಲ್ಯದಿಂದ ಓಡಿಸಲು ಅಸಮರ್ಥರಾದವರ ಲೈಸೆನ್ಸನ್ನು ರದ್ದು ಮಾಡುವ ಅಧಿಕಾರ ಕಾಯ್ದೆಯ 16ನೇ ಕಲಮಿನಲ್ಲಿದೆ, ಆದರೆ ಮನೆಯವರೇ ಬಂದು ಹೇಳದಿದ್ದರೆ ಕಚೇರಿಗೆ ತಿಳಿಯುವ ದಾರಿ ಯಾವುದು? ಆದ್ದರಿಂದ ಡಿಸೆಂಬರಿನಲ್ಲಿ ನಿಮ್ಮ ಕೈಗೆ ಹೊಸ ಕಾರ್ಡು ಬಂದರೆ ಅದನ್ನು ಸಾಮರ್ಥ್ಯದ ಪ್ರಮಾಣಪತ್ರವೆಂದು ತಿಳಿಯಬೇಡಿ. ಎಪ್ಪತ್ತೆಂಟರವರೆಗೆ ನೀವು ಹೇಗಿರುತ್ತೀರಿ ಎಂಬುದು ಅದಕ್ಕೆ ತಿಳಿಯದು.

ಕಣ್ಣಿನ ಡಾಕ್ಟರು, ದಾವಣಗೆರೆ:

ಮೇಲಿನವರು ಹೇಳಿದ ನಂಬರ್ ಪ್ಲೇಟಿನ ಪರೀಕ್ಷೆಯಿಂದಲೇ ಮುಂದುವರಿಯುತ್ತೇನೆ. ಹಗಲಿನಲ್ಲಿ ನೇರ ಎದುರಿಗಿರುವ ಅಕ್ಷರ ಓದುವುದು ದೃಷ್ಟಿಯ ಒಂದು ಭಾಗ ಮಾತ್ರ. ಸಂಜೆಯ ಮಬ್ಬಿನಲ್ಲಿ ಬೂದು ಬಣ್ಣದ ಅಂಗಿ ತೊಟ್ಟು ರಸ್ತೆ ದಾಟುವವರನ್ನು ಹಿನ್ನೆಲೆಯಿಂದ ಬೇರ್ಪಡಿಸಿ ಗುರುತಿಸುವ ಶಕ್ತಿ, ಹೆಡ್‌ಲೈಟು ಕುಕ್ಕಿದ ಮೇಲೆ ಕಣ್ಣು ಸುಧಾರಿಸಿಕೊಳ್ಳುವ ವೇಗ, ಪಕ್ಕದ ನೋಟದ ವಿಸ್ತಾರ ಇವು ಯಾವುವೂ ಅದರಲ್ಲಿ ತಿಳಿಯುವುದಿಲ್ಲ.

ತಾವು ಭೌತಶಾಸ್ತ್ರದವರಾದ್ದರಿಂದ ಕಾರಣವನ್ನು ಹೆಚ್ಚು ವಿವರಿಸಬೇಕಿಲ್ಲ. ಕಣ್ಣಿನ ಮಸೂರದಲ್ಲಿ ಪೊರೆ ಕಟ್ಟತೊಡಗಿದಾಗ ಒಳಬರುವ ಬೆಳಕು ಚದುರುತ್ತದೆ. ಎದುರಿನ ಗಾಡಿಯ ದೀಪ ಕಣ್ಣಿನೊಳಗೆಲ್ಲ ಹರಡಿ ಬೇರೆಲ್ಲವನ್ನೂ ಮಸುಕು ಮಾಡುತ್ತದೆ. ವಯಸ್ಸಾದಂತೆ ಪಾಪೆಯೂ ಕಿರಿದಾಗುವುದರಿಂದ ಕತ್ತಲಲ್ಲಿ ಒಳಹೋಗುವ ಬೆಳಕೇ ಕಡಿಮೆ. ತಮ್ಮ ರಾತ್ರಿಯ ತೊಂದರೆಗೆ ಪೊರೆಯೇ ಕಾರಣವಾಗಿದ್ದರೆ ಅದಕ್ಕೆ ಶಸ್ತ್ರಚಿಕಿತ್ಸೆ ಇದೆ, ಸರಿಪಡಿಸಬಹುದಾದ ಒಂದು ದೋಷದ ಸಲುವಾಗಿ ಕಾರು ಮಾರುವುದು ಅವಸರದ ಕೆಲಸ. ಆದರೆ ಪೊರೆ ತೆಗೆದು ಹಾಕುವ ಕೃತಕ ಮಸೂರವನ್ನು ಆರಿಸುವಾಗ ತಾವು ರಾತ್ರಿ ಓಡಿಸುವವರೇ ಎಂಬುದನ್ನು ವೈದ್ಯರಿಗೆ ತಿಳಿಸಿ, ಏಕೆಂದರೆ ಹತ್ತಿರ ದೂರ ಎರಡಕ್ಕೂ ಆಗುವ ಮಲ್ಟಿಫೋಕಲ್ ಮಸೂರ ಹಾಕಿಸಿಕೊಂಡ ಕೆಲವರಿಗೆ ದೀಪಗಳ ಸುತ್ತ ಬಳೆಯಂಥ ಬೆಳಕು ಕಾಣಿಸುತ್ತದೆ. ಪ್ರಾಸ್ಟೇಟಿಗಾಗಿ ಟ್ಯಾಮ್ಸುಲೋಸಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಶಸ್ತ್ರಚಿಕಿತ್ಸೆಗೆ ಮೊದಲೇ ಹೇಳಬೇಕು. ಆ ಔಷಧದಿಂದ ಪಾಪೆ ಸರಿಯಾಗಿ ಅರಳದೆ ನಮ್ಮ ಕೈಕೆಲಸ ಕಷ್ಟವಾಗುತ್ತದೆ. ಹಲವರು ಕಣ್ಣಿಗೂ ಇದಕ್ಕೂ ಏನು ಸಂಬಂಧವೆಂದು ಹೇಳುವುದೇ ಇಲ್ಲ.

ನನಗೆ ಹೆಚ್ಚು ಭಯವಿರುವುದು ಗ್ಲಾಕೋಮಾ ವಿಷಯದಲ್ಲಿ. ಪೊರೆ ಬಂದವರಿಗೆ ಕಾಣದಿರುವುದು ಗೊತ್ತಾಗುತ್ತದೆ. ಗ್ಲಾಕೋಮಾದಲ್ಲಿ ನೋಟ ಸಾಮಾನ್ಯವಾಗಿ ಅಂಚಿನಿಂದ, ನೋವಿಲ್ಲದೆ, ನಿಧಾನವಾಗಿ ಹೋಗುತ್ತದೆ. ನೇರ ನೋಟ ಚೆನ್ನಾಗಿಯೇ ಇರುವುದರಿಂದ ನಂಬರ್ ಪ್ಲೇಟನ್ನು ಸರಾಗವಾಗಿ ಓದುತ್ತಾರೆ, ಎಡಗಡೆಯಿಂದ ನುಗ್ಗುವ ಸ್ಕೂಟರು ಮಾತ್ರ ಕಾಣುವುದಿಲ್ಲ. "ಎಲ್ಲಿಂದ ಬಂದನೋ ಗೊತ್ತಾಗಲಿಲ್ಲ" ಎಂಬ ಮಾತು ಪದೇ ಪದೇ ಬಾಯಿಗೆ ಬರುತ್ತಿದ್ದರೆ ಮೊದಲು ದೃಷ್ಟಿಕ್ಷೇತ್ರದ ಪರೀಕ್ಷೆ ಮಾಡಿಸಿಕೊಳ್ಳಿ. ತಮ್ಮ ಕತ್ತಿನ ತೊಂದರೆಯೂ ಇದರ ಜೊತೆ ಸೇರಿದರೆ ಸರ್ಕಲ್ಲಿನಲ್ಲಿ ಬಲಗಡೆಯ ಸಾಕಷ್ಟು ಭಾಗ ತಮ್ಮ ಲೆಕ್ಕದಿಂದಲೇ ಬಿಟ್ಟುಹೋಗುತ್ತದೆ.

ಕಣ್ಣಿನ ಹೊರಗಿನ ಎರಡು ಮಾತುಗಳನ್ನೂ ಹೇಳಿಬಿಡುತ್ತೇನೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ತಡವಾದಾಗ ಸ್ಟಿಯರಿಂಗ್ ಹಿಡಿಯಬಾರದು. ಪಾದಗಳು ಜೋಮು ಹಿಡಿದು ಪೆಡಲ್ಲಿನ ಮೇಲೆ ಕಾಲು ಎಲ್ಲಿದೆಯೆಂದು ನೋಡದೆ ತಿಳಿಯದಂತಾಗಿದ್ದರೆ ಎಷ್ಟೇ ಒಳ್ಳೆಯ ಕಣ್ಣಿದ್ದರೂ ಓಡಿಸಬಾರದು. ನಿದ್ರೆ ಮಾತ್ರೆಯ ಪ್ರಭಾವ ಮರುದಿನ ಬೆಳಿಗ್ಗೆಯವರೆಗೂ ಉಳಿಯಬಹುದು, ಅಂಗಡಿಯಲ್ಲಿ ಕೇಳಿ ತೆಗೆದುಕೊಳ್ಳುವ ನೆಗಡಿ ಮಾತ್ರೆಯಿಂದಲೂ ಮಂಪರು ಬರುತ್ತದೆ.

ಎಡಗಡೆ ಸೀಟಿನವಳು, ಹಾಸನ:

ಎಲ್ಲರೂ ಓಡಿಸುವವರ ಕಣ್ಣು, ಕತ್ತು, ಕಾರ್ಡುಗಳ ಬಗ್ಗೆ ಬರೆದಿದ್ದೀರಿ. ಪಕ್ಕದಲ್ಲಿ ಕೂತವರನ್ನು ಕೇಳಿ ಎಂದು ಯಾರೂ ಬರೆಯಲಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ.

ನಮ್ಮ ಯಜಮಾನರು ಎಪ್ಪತ್ತಾರರಲ್ಲಿ ಕಾರು ಬಿಟ್ಟರು. ಅದಕ್ಕೆ ಕೆಲವು ವರ್ಷ ಮೊದಲಿನಿಂದಲೇ ನನಗೆ ಅನುಮಾನವಿತ್ತು. "ಹಂಪ್ ಇದೆ ರೀ", "ಸೈಕಲ್ ಬಂತು ರೀ" ಎಂದು ನಾನು ಮೊದಮೊದಲು ಎಲ್ಲೋ ಒಮ್ಮೆ ಹೇಳುತ್ತಿದ್ದೆ, ಬರಬರುತ್ತಾ ಅದೇ ನನ್ನ ಕೆಲಸವಾಯಿತು. ದಾರಿಯುದ್ದಕ್ಕೂ ಬಲಗಾಲನ್ನು ಇಲ್ಲದ ಬ್ರೇಕಿನ ಮೇಲೆ ಒತ್ತಿಕೊಂಡು ಕೂತಿರುತ್ತಿದ್ದೆ, ಮನೆಗೆ ಬಂದಾಗ ಮೀನಖಂಡ ನೋಯುತ್ತಿತ್ತು. ಅವರು ಮಾತ್ರ ತಾವೇ ಓಡಿಸುತ್ತಿದ್ದೇವೆ ಎಂದುಕೊಂಡಿದ್ದರು. ಅರ್ಧ ಓಡಿಸುತ್ತಿದ್ದವಳು ನಾನು. ಆದ್ದರಿಂದ ಮೇಷ್ಟ್ರು ಅಳತೆಗೋಲು ಕೇಳಿದ್ದಕ್ಕೆ ನನ್ನ ಉತ್ತರ ಇದು: ನಿಮ್ಮ ಮನೆಯವರು ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿ ನಿದ್ದೆ ಮಾಡಬಲ್ಲರೇ ಎಂದು ಕೇಳಿ ನೋಡಿ. ನಿಮ್ಮೆದುರಿಗೆ ಅವರು ನಿಜ ಹೇಳುವುದಿಲ್ಲ, ಮಗಳ ಹತ್ತಿರ ಕೇಳಿಸಿ.

ಇನ್ನೊಂದು ವಿಷಯ. ಬಿಟ್ಟ ದಿನ ತೊಂದರೆಯಾಗುವುದಿಲ್ಲ, ಆಮೇಲೆ ಆಗುತ್ತದೆ. ಇವರು ಸಂಗೀತ ಕಚೇರಿಗೆ ಹೋಗುವುದನ್ನು ನಿಲ್ಲಿಸಿದರು. ಇನ್ನೊಬ್ಬರ ಕಾರಿನಲ್ಲಿ ಜಾಗ ಕೇಳಿಕೊಂಡು ಹೋಗಲು ಸಂಕೋಚ, ಆಟೋಗೆ ದುಡ್ಡು ಕೊಡಲು ಮನಸ್ಸಿಲ್ಲ. ವಿಮೆ, ಸರ್ವಿಸು, ಬ್ಯಾಟರಿ, ಪೆಟ್ರೋಲು ಎಂದು ಕಾರಿಗೆ ವರ್ಷಕ್ಕೆ ಸುರಿಯುತ್ತಿದ್ದುದು ಕಣ್ಣಿಗೆ ಕಾಣುತ್ತಿರಲಿಲ್ಲ, ಆಟೋದವರ ಕೈಗೆ ಇಡುವ ನೂರು ರೂಪಾಯಿ ಕಾಣುತ್ತಿತ್ತು. ಕೊನೆಗೆ ನಮ್ಮ ಬೀದಿಯ ಆಟೋದವರೊಬ್ಬರನ್ನು ತಿಂಗಳ ಲೆಕ್ಕಕ್ಕೆ ಗೊತ್ತುಮಾಡಿಕೊಂಡೆವು. ಪ್ರತಿ ಸಲ ಚೌಕಾಸಿ ಇಲ್ಲದ್ದರಿಂದ ಇವರ ಸಂಕೋಚವೂ ಹೋಯಿತು. ಈ ಏರ್ಪಾಡನ್ನು ಕಾರು ಮಾರುವುದಕ್ಕೆ ಮೊದಲೇ ಮಾಡಿಕೊಳ್ಳಬೇಕು. ಈಗ ಮಂಡಿ ಒಪ್ಪಿದ ದಿನ ಸರ್ಕಾರಿ ಬಸ್ಸಿನಲ್ಲೂ ಹೋಗುತ್ತೇವೆ. ಶಕ್ತಿ ಯೋಜನೆ ಬಂದ ಮೇಲೆ ನನ್ನದು ಶೂನ್ಯ ಟಿಕೆಟ್, ಹಿರಿಯ ನಾಗರಿಕರೆಂದು ಇವರದು ಮುಕ್ಕಾಲು ಟಿಕೆಟ್. ಅದನ್ನು ಅವರಿಗೆ ನೆನಪಿಸುವುದರಲ್ಲಿ ನನಗೆ ಸ್ವಲ್ಪ ಸಂತೋಷವಿದೆ.

ಅಡಿಕೆ ತೋಟ, ತೀರ್ಥಹಳ್ಳಿ ತಾಲ್ಲೂಕು:

ತಾವೆಲ್ಲ ಪೇಟೆಯವರು, ಮಾತು ಸರಿಯಾಗಿಯೇ ಇದೆ. ಆದರೆ ನಮ್ಮ ಮನೆಯಿಂದ ಡಾಂಬರು ರಸ್ತೆಗೆ ಬರಲು ನಾಲ್ಕು ಕಿಲೋಮೀಟರು, ಮಳೆಗಾಲದಲ್ಲಿ ಅದು ಇನ್ನೂ ಉದ್ದವಾದಂತೆ ಅನ್ನಿಸುತ್ತದೆ. ಮಲೆನಾಡಿನ ಒಳದಾರಿಗಳಲ್ಲಿ ಓಡುತ್ತಿದ್ದುದು ಹೆಚ್ಚಾಗಿ ಖಾಸಗಿ ಬಸ್ಸುಗಳೇ. ಕಾರ್ಮಿಕರೇ ಕಟ್ಟಿ ನಡೆಸುತ್ತಿದ್ದ ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಿಂತಿತು. ಶಕ್ತಿ ಯೋಜನೆ ಇರುವುದು ಸರ್ಕಾರಿ ಬಸ್ಸಿಗೆ, ಆ ಬಸ್ಸು ನಮ್ಮ ದಾರಿಗೆ ಬರುವುದಿಲ್ಲ. ಆಪ್ ಒತ್ತಿದರೆ ಆಟೋ ಬರುವ ಊರೂ ಇದಲ್ಲ, ಹಲವು ಕಡೆ ಫೋನಿಗೆ ಸಿಗ್ನಲ್ಲೇ ಇಲ್ಲ.

ನನಗೆ ಎಪ್ಪತ್ತೊಂದು. ಮಕ್ಕಳು ಬೆಂಗಳೂರಿನಿಂದ ಫೋನಿನಲ್ಲಿ "ಓಡಿಸಬೇಡಿ" ಎನ್ನುತ್ತಾರೆ. ಸೊಸೈಟಿಗೆ ಹೋಗುವುದು ಹೇಗೆ, ಅಡಿಕೆ ಮಂಡಿಗೆ ಹೋಗುವುದು ಹೇಗೆ ಎಂದರೆ ಉತ್ತರವಿಲ್ಲ. ಆದ್ದರಿಂದ ನಾನು ಪೂರ್ತಿ ಬಿಡುವ ಮಾತಿಗೆ ಹೋಗದೆ ಗಡಿ ಹಾಕಿಕೊಂಡಿದ್ದೇನೆ. ಮನೆಯಿಂದ ಪೇಟೆಯವರೆಗೆ, ಹಗಲಿನಲ್ಲಿ, ಮಳೆ ಬಿಟ್ಟಾಗ ಮಾತ್ರ ನಾನು ಓಡಿಸುತ್ತೇನೆ. ಮಣಿಪಾಲದ ಆಸ್ಪತ್ರೆಗೆ ಹೋಗಬೇಕಾದರೆ ಆಗುಂಬೆ ಘಾಟಿಯ 14 ತಿರುವುಗಳನ್ನು ಇಳಿಯಬೇಕು, ಎದುರಿಗೆ ಮಂಜು, ಪಕ್ಕದಲ್ಲಿ ಕಂದಕ. ಅದಕ್ಕೆ ಪಕ್ಕದ ಮನೆಯ ಹುಡುಗನಿಗೆ ದಿನದ ಸಂಬಳ ಕೊಟ್ಟು ನನ್ನದೇ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ. ಕಾರು ಇಟ್ಟುಕೊಳ್ಳುವುದು ಬೇರೆ, ತಾನೇ ಓಡಿಸುವುದು ಬೇರೆ. ನಮ್ಮಂಥವರಿಗೆ ಮೊದಲನೆಯದು ಬೇಕೇ ಬೇಕು. ಗೊತ್ತಿರುವ ದಾರಿಯಲ್ಲಿ ನಿಧಾನವಾಗಿ ಹೋಗುವವನಿಂದ ಯಾರಿಗೆ ಏನು ತೊಂದರೆ ಎಂಬುದನ್ನು ಡಾಕ್ಟರು ಹೇಳಲಿ.

ಕಣ್ಣಿನ ಡಾಕ್ಟರು, ದಾವಣಗೆರೆ:

ತೋಟದವರೇ, ತಮ್ಮ ಗಡಿಗಳು ವಿವೇಕದವು, ಪಕ್ಕದ ಮನೆಯ ಹುಡುಗನ ಏರ್ಪಾಡು ಬಹಳ ಒಳ್ಳೆಯದು. ಗೊತ್ತಿರುವ ದಾರಿ ಎಂಬ ಮಾತನ್ನು ಮಾತ್ರ ನಾನು ಅಷ್ಟಾಗಿ ನಂಬುವುದಿಲ್ಲ, ಏಕೆಂದರೆ ಅಂಥ ದಾರಿಯಲ್ಲಿ ನಾವು ನೋಡುವುದಕ್ಕಿಂತ ನೆನಪಿನಿಂದ ಓಡಿಸುವುದೇ ಹೆಚ್ಚು; ತಿರುವು ಎಲ್ಲಿದೆಯೆಂದು ನೆನಪಿರುತ್ತದೆ, ಆ ತಿರುವಿನಲ್ಲಿ ಇಂದು ಮಗುವೊಂದು ನಿಂತಿದೆ ಎಂಬುದು ನೆನಪಿನಲ್ಲಿರಲು ಸಾಧ್ಯವಿಲ್ಲ.

ಗಡಿ ಹಾಕಿಕೊಳ್ಳುವ ಕ್ರಮಕ್ಕೆ ಒಂದು ಮಿತಿಯೂ ಇದೆ. ಕಣ್ಣು ಕೆಟ್ಟವನು ತನ್ನ ಗಡಿಯನ್ನು ತಾನೇ ಕಿರಿದು ಮಾಡಿಕೊಳ್ಳುತ್ತಾನೆ. ಮರೆವಿನ ಕಾಯಿಲೆ ಶುರುವಾದವನು ಹಾಗೆ ಮಾಡುವುದಿಲ್ಲ, ಏಕೆಂದರೆ ತನಗೆ ಏನೂ ಆಗಿಲ್ಲ ಎಂಬ ನಂಬಿಕೆಯೇ ಆ ಕಾಯಿಲೆಯ ಭಾಗವಾಗಿರುವುದುಂಟು. ನಿತ್ಯದ ದಾರಿ ತಪ್ಪುವುದು, ಗೇಟಿನ ಕಂಬಕ್ಕೆ ಕಾರು ತಾಗಿದ ಗೆರೆಗಳು ಕಾಣಿಸಿಕೊಳ್ಳುವುದು, ಬ್ರೇಕಿನ ಬದಲು ಆಕ್ಸಿಲರೇಟರ್ ಒತ್ತುವುದು ಮೊದಲು ಮನೆಯವರ ಕಣ್ಣಿಗೆ ಬೀಳುತ್ತವೆ. ತೀರ್ಮಾನಿಸುವ ಶಕ್ತಿ ನೆಟ್ಟಗಿರುವ ಈಗಲೇ ಒಬ್ಬರನ್ನು ಆರಿಸಿ, "ನೀನು ಸಾಕು ಎಂದ ದಿನ ನಾನು ಎದುರಾಡದೆ ಬೀಗದ ಕೈ ಕೊಡುತ್ತೇನೆ" ಎಂದು ಹೇಳಿಡುವುದು ಒಳ್ಳೆಯದು. ಅದನ್ನು ಒಂದು ಹಾಳೆಯಲ್ಲಿ ಬರೆದು ಅವರ ಕೈಗೆ ಕೊಟ್ಟರೆ, ಆ ದಿನ ಬಂದಾಗ ಅವರಿಗೂ ಧೈರ್ಯವಿರುತ್ತದೆ.

ಇಂಗ್ಲೆಂಡಿನಿಂದ ಒಬ್ಬ ಕನ್ನಡಿಗ:

ಇಲ್ಲಿ ಎಪ್ಪತ್ತಕ್ಕೆ ಲೈಸೆನ್ಸ್ ಮುಗಿಯುತ್ತದೆ, ಆಮೇಲೆ ಮೂರು ವರ್ಷಕ್ಕೊಮ್ಮೆ ನವೀಕರಿಸಬೇಕು. ಆದರೆ ಅದೂ ಬಹುಪಾಲು ನಮ್ಮ ಆರೋಗ್ಯದ ಬಗ್ಗೆ ನಾವೇ ಕೊಡುವ ಹೇಳಿಕೆಯ ಮೇಲೆ ನಿಂತಿದೆ. ರಾಣಿ ಎಲಿಜಬೆತ್ ಅವರ ಪತಿ ಪ್ರಿನ್ಸ್ ಫಿಲಿಪ್ 2019ರ ಜನವರಿಯಲ್ಲಿ, 97ನೇ ವಯಸ್ಸಿನಲ್ಲಿ, ಸ್ಯಾಂಡ್ರಿಂಗ್‌ಹ್ಯಾಮ್ ಬಳಿ ಇನ್ನೊಂದು ಕಾರಿಗೆ ಡಿಕ್ಕಿ ಹೊಡೆದು, ಮರುತಿಂಗಳು ಲೈಸೆನ್ಸ್ ಒಪ್ಪಿಸಿದರು. ಚಾಲಕರಿಗೆ ಬರವಿಲ್ಲದ ಮನೆಯಲ್ಲೂ ಡಿಕ್ಕಿಯಾದ ಮೇಲೆಯೇ ಅದು ಆದದ್ದು. ಜಪಾನಿನಲ್ಲಿ ಸ್ವಂತ ಇಚ್ಛೆಯಿಂದ ಲೈಸೆನ್ಸ್ ಹಿಂದಿರುಗಿಸುವ ಪದ್ಧತಿ 1998ರಿಂದ ಇದೆ. ಹಿಂದಿರುಗಿಸಿದವರು ಗುರುತಿನ ಚೀಟಿಯಾಗಿಯೂ ಬಳಸಬಹುದಾದ ಒಂದು ಪತ್ರವನ್ನು ಪಡೆಯಬಹುದು, ಅದನ್ನು ತೋರಿಸಿದರೆ ಹಲವು ಊರುಗಳಲ್ಲಿ ಬಸ್ಸು, ಟ್ಯಾಕ್ಸಿಗಳಲ್ಲಿ ರಿಯಾಯಿತಿ ಸಿಗುತ್ತದೆ. ಬಿಡಿ ಎನ್ನುವ ಸರ್ಕಾರ ಬಿಟ್ಟವರಿಗೆ ಏನಾದರೂ ಕೊಡಬೇಕು ಎಂಬುದು ನನಗೆ ಸರಿಯೆನಿಸುತ್ತದೆ.

ಕುವೆಂಪುನಗರದ ಮೇಷ್ಟ್ರು:

ಎಲ್ಲರಿಗೂ ಕೃತಜ್ಞತೆಗಳು. ಹಾಸನದ ತಾಯಿಯವರು ಹೇಳಿದಂತೆ ಮಗಳ ಮೂಲಕವೇ ವಿಚಾರಿಸಿದೆ. ನನ್ನ ಹೆಂಡತಿ ಕಾರಿನಲ್ಲಿ ನಿದ್ದೆ ಮಾಡುವುದಿಲ್ಲವಂತೆ. ಹಗಲು ಊರೊಳಗೆ ಚಿಂತೆಯಿಲ್ಲ, ನಂಜನಗೂಡಿನಿಂದ ಸಂಜೆ ಹಿಂದಿರುಗುವಾಗ ಮಾತ್ರ ದೇವರ ನಾಮ ಹೇಳಿಕೊಳ್ಳುತ್ತಾಳಂತೆ. ಇಷ್ಟು ವರ್ಷ ಅದನ್ನು ಭಕ್ತಿಯೆಂದು ತಿಳಿದಿದ್ದೆ.

ಕಣ್ಣಿನ ಪೂರ್ಣ ಪರೀಕ್ಷೆ, ದೃಷ್ಟಿಕ್ಷೇತ್ರದ ಪರೀಕ್ಷೆ ಎರಡಕ್ಕೂ ದಿನ ಗೊತ್ತುಮಾಡಿಕೊಂಡಿದ್ದೇನೆ. ಅದರ ಫಲಿತಾಂಶ ನೋಡಿದ ಮೇಲೆಯೇ ನವೀಕರಣದ ಅರ್ಜಿ. ಸಂಜೆಯ ನಂತರದ ಓಡಾಟವನ್ನೂ ಊರಾಚೆಯ ರಸ್ತೆಗಳನ್ನೂ ಇಂದಿನಿಂದಲೇ ಬಿಟ್ಟಿದ್ದೇನೆ. ಬರುವ ಮೂರು ತಿಂಗಳು ಕಾರು ಇಲ್ಲವೆಂದೇ ತಿಳಿದು, ಆಟೋ, ಟ್ಯಾಕ್ಸಿ, ದಿನದ ಲೆಕ್ಕದ ಡ್ರೈವರ್ ಇವರಿಂದಲೇ ಎಲ್ಲವನ್ನೂ ನಡೆಸಿ ನೋಡುವುದೆಂದು ಇಬ್ಬರೂ ಒಪ್ಪಿಕೊಂಡಿದ್ದೇವೆ. ಅದು ಸಾಗಿದರೆ ಕಾರನ್ನು ನನ್ನ ತಂಗಿಯ ಮಗನಿಗೆ ಕೊಟ್ಟುಬಿಡುತ್ತೇನೆ, ಅವನು ಬಹಳ ದಿನದಿಂದ ಕೇಳುತ್ತಿದ್ದಾನೆ. ಬೀಗದ ಕೈ ಕೇಳುವ ಅಧಿಕಾರವನ್ನು ಮಗಳಿಗೆ ಕೊಡಬೇಕೆಂದಿದ್ದೆ, ಹೆಂಡತಿ ತನಗೇ ಬೇಕೆಂದಳು. ಹಾಳೆಯ ಮೇಲೆ ಬರೆದುಕೊಟ್ಟಾಗಿದೆ.

ನಿವೃತ್ತ ಮೋಟಾರು ವಾಹನ ನಿರೀಕ್ಷಕ:

ಸೋದರಳಿಯನಿಗೆ ಕೊಡುವುದಾದರೂ ಬಾಯಿಮಾತಿನಲ್ಲಿ ಕೊಡಬೇಡಿ, ಮೇಷ್ಟ್ರೇ. ಮಾಲೀಕತ್ವ ವರ್ಗಾವಣೆಯ ನಮೂನೆ 29 ಮತ್ತು 30ಕ್ಕೆ ಸಹಿ ಮಾಡಿ ಹದಿನಾಲ್ಕು ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ವಿಮೆಯನ್ನೂ ಅವರ ಹೆಸರಿಗೆ ಮಾಡಿಸಬೇಕು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರನ್ನೇ ಮಾಲೀಕರೆಂದು ಪರಿಗಣಿಸಬೇಕು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ; ಆರ್‌ಸಿಯಲ್ಲಿ ನಿಮ್ಮ ಹೆಸರು ಉಳಿದಿದ್ದರೆ ಆ ಹುಡುಗ ಎಲ್ಲಿ ಏನು ಮಾಡಿದರೂ ನೋಟಿಸು ಕುವೆಂಪುನಗರಕ್ಕೆ ಬರುತ್ತದೆ. ಕಾರು ಒಪ್ಪಿಸಿದ ತಾರೀಖು, ಗಂಟೆ ಎರಡನ್ನೂ ನಮೂದಿಸಿದ ಪತ್ರವೊಂದಕ್ಕೆ ಅವನ ಸಹಿ ಹಾಕಿಸಿಕೊಂಡು ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಫಾಸ್ಟ್ಯಾಗನ್ನೂ ರದ್ದು ಮಾಡಿಸಿ, ಇಲ್ಲವಾದರೆ ಅವನ ಟೋಲು ನಿಮ್ಮ ಖಾತೆಯಿಂದ ಹೋಗುತ್ತಿರುತ್ತದೆ.